ಗೆರೆ ಎಳೆಯೋ ಮೊದಲು ಕೇಳಿ: ಸಿಟಿ ಸೆಂಟರ್ ಬಸ್ ರೂಟುಗಳ ಬಗ್ಗೆ ಸಾರಿಗೆ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಅಧಿಕಾರಿಗಳೇ, ರೂಟ್ ಪ್ಲಾನ್ ಮಾಡೋ ಇಂಜಿನಿಯರುಗಳೇ, ಮತ್ತೆ ನನ್ನ ಹಾಗೇ ದಿನಾ ಸ್ಟಾಪಲ್ಲಿ ನಿಂತು ಕಾಯೋ ಎಲ್ಲರಿಗೂ ನಮಸ್ಕಾರ.

ಸಿಟಿ ಸೆಂಟರಿನ ಬಸ್ ರೂಟುಗಳನ್ನ ಪೂರ್ತಿ ಹೊಸದಾಗಿ ಮಾಡ್ತೀವಿ, ಅದಕ್ಕೆ ಜನರ ಅಭಿಪ್ರಾಯಾನೂ ತಗೋತೀವಿ ಅಂತ ನೀವು ಹೇಳಿದ ದಿನದಿಂದ ಈ ಪತ್ರ ಬರೀಬೇಕು ಅಂತ ಇದ್ದೆ. ನಾನು ಪ್ಲಾನಿಂಗ್ ಓದಿದೋಳಲ್ಲ. ಆದ್ರೆ 16 ವರ್ಷದಿಂದ ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಊರ ನಡುವಿಗೆ ಬಸ್ಸಲ್ಲೇ ಹೋಗಿ ಬರ್ತಿದೀನಿ, ಯಾವ ಸಿಗ್ನಲಲ್ಲಿ ಬಸ್ ಎಷ್ಟು ಹೊತ್ತು ನಿಲ್ಲುತ್ತೆ, ಯಾವ ಸ್ಟಾಪಲ್ಲಿ ವೀಲ್‌ಚೇರ್ ಹತ್ತಿಸೋಕೆ ಆಗಲ್ಲ, ಎಲ್ಲಿ ಇಳಿದ್ರೆ ರಸ್ತೆ ದಾಟೋಕೆ ಜಾಗಾನೇ ಇಲ್ಲ, ಇದೆಲ್ಲ ನನಗೆ ಬಾಯಿಪಾಠ. ಹೊಸ ಮ್ಯಾಪ್ ಬರೆಯೋಕೆ ಕೂತಾಗ ಇಂಥ ವಿಷಯ ನಿಮ್ಮ ಟೇಬಲ್ ಮೇಲೆ ಇರಬೇಕು ಅನ್ನೋದೇ ನನ್ನ ಆಸೆ.

ಕೆಲವು ವರ್ಷದ ಹಿಂದೆ ನಮ್ಮ ಕಡೆ ಒಂದು ರೂಟ್ ಬದಲಾಯ್ತು. ಶುಕ್ರವಾರ ಸಂಜೆ ಕಂಬಕ್ಕೆ ಒಂದು ಹಾಳೆ ಅಂಟಿಸಿದ್ರು, ಸಣ್ಣ ಅಕ್ಷರ, ಸೋಮವಾರದಿಂದ ಜಾರಿ. ನಮ್ಮಮ್ಮನಿಗೆ ಮಂಡಿ ನೋವು, ವಾರಕ್ಕೆರಡು ದಿನ ಫಿಸಿಯೋಥೆರಪಿಗೆ ಹೋಗ್ತಿದ್ರು, ಆ ಸೋಮವಾರ ಎಂದಿನ ಸ್ಟಾಪಲ್ಲೇ ಒಂದು ಗಂಟೆಗಿಂತ ಜಾಸ್ತಿ ನಿಂತು ಕಾದು ಕಾದು ವಾಪಸ್ ನಡ್ಕೊಂಡು ಬಂದ್ರು. ಫೋನ್ ಮಾಡಿ "ಬಸ್ಸೇ ಬರ್ಲಿಲ್ಲ ಕಣೇ" ಅಂದ್ರು. ಬಸ್ ಪಕ್ಕದ ರಸ್ತೆಗೆ ಹೋಗಿದೆ ಅಂತ ಅವರಿಗೆ ಹೇಳೋರು ಒಬ್ಬರೂ ಇರ್ಲಿಲ್ಲ. ಆಮೇಲೆ ವಿಚಾರಿಸಿದಾಗ ಗೊತ್ತಾಯ್ತು, ಆ ಬದಲಾವಣೆ ಬಗ್ಗೆ ಸಾರ್ವಜನಿಕ ಸಭೆ ನಡೆದಿತ್ತಂತೆ, ಕೆಲಸದ ದಿನ ಬೆಳಿಗ್ಗೆ 11 ಗಂಟೆಗೆ. ಬಸ್ಸಲ್ಲಿ ಕೆಲಸಕ್ಕೆ ಹೋಗೋ ಜನ ಆ ಹೊತ್ತಲ್ಲಿ ಕೆಲಸದಲ್ಲೇ ಇರ್ತಾರೆ ಸರ್.

ಹಾಗಂತ ಇದ್ದಿದ್ದನ್ನ ಹಾಗೇ ಬಿಡಿ ಅಂತ ಕೇಳೋಕೆ ಬಂದಿಲ್ಲ. ಈಗಿರೋ ರೂಟುಗಳನ್ನ ಬದಲಾಯಿಸಲೇಬೇಕು, ಅದು ಊರ ನಡುವೆ ದಿನಾ ಬಸ್ಸಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಎಲ್ಲಾ ದಿಕ್ಕಿಂದ ಬರೋ ರೂಟುಗಳೂ ಸೆಂಟರಿಗೆ ಬಂದೇ ಮುಗೀತವೆ, ಬಂದಮೇಲೆ ತಿರುಗೋಕೆ ಜಾಗ ಇಲ್ದೆ ನಾಲ್ಕು ಒನ್‌ವೇ ರಸ್ತೆ ಸುತ್ತಿ ವಾಪಸ್ ಹೊರಡ್ತವೆ, ಆ ನಾಲ್ಕು ರಸ್ತೇಲೂ ಅದೇ ಬಸ್ಸುಗಳು ಒಂದರ ಹಿಂದೆ ಒಂದು ನಿಂತಿರ್ತವೆ. ಹೋಗೋ ಬಸ್ ಒಂದು ರಸ್ತೇಲಿ, ಬರೋ ಬಸ್ ಇನ್ನೊಂದು ರಸ್ತೇಲಿ, ಹೊಸಬರು ಇಳಿದ ಜಾಗದಲ್ಲೇ ವಾಪಸ್ ಬಸ್ ಸಿಗುತ್ತೆ ಅಂತ ನಿಂತೇ ಇರ್ತಾರೆ. ಊರಿನ ಈ ತುದಿಯಿಂದ ಆ ತುದಿಗೆ ಹೋಗೋರೂ ನಡುವೆ ಇಳಿದು ಹತ್ತಲೇಬೇಕು, ಅದೂ ಎರಡು ಸ್ಟಾಪಿನ ಮಧ್ಯೆ ಒಂದು ದೊಡ್ಡ ಸರ್ಕಲ್ ದಾಟ್ಕೊಂಡು.

ಈ ಸುತ್ತಾಟಕ್ಕೆ ಎಷ್ಟು ಬೆಲೆ ಕೊಡ್ತಿದೀವಿ ಅಂತ ಜನರಿಗೆ ಬಿಡಿಸಿ ಹೇಳಿ, ಅರ್ಥ ಮಾಡ್ಕೋತಾರೆ. ನಾನು ಲೆಕ್ಕ ಹಾಕಿದ್ದು ಹೀಗೆ. ಒಂದು ರೂಟಲ್ಲಿ ಬಸ್ ಹೋಗಿ ಬಂದು ಮತ್ತೆ ಹೊರಡೋಕೆ 60 ನಿಮಿಷ ಆಗುತ್ತೆ ಅಂತ ಇಟ್ಕೊಳ್ಳಿ, 6 ಬಸ್ ಹಾಕಿದ್ರೆ 10 ನಿಮಿಷಕ್ಕೊಂದು ಬಸ್. ಅದೇ ರೂಟಿಗೆ ಸೆಂಟರಲ್ಲಿ ಸುತ್ತಾಟ, ಟ್ರಾಫಿಕ್ಕು ಸೇರಿ 12 ನಿಮಿಷ ಜಾಸ್ತಿ ಆದ್ರೆ ಒಂದು ಸುತ್ತಿಗೆ 72 ನಿಮಿಷ, ಅದೇ 6 ಬಸ್ಸು ಈಗ 12 ನಿಮಿಷಕ್ಕೊಂದರ ಹಾಗೆ ಮಾತ್ರ ಬರೋಕೆ ಸಾಧ್ಯ. ಹಳೇ 10 ನಿಮಿಷಾನೇ ಬೇಕು ಅಂದ್ರೆ 8 ಬಸ್ ಬೇಕಾಗುತ್ತೆ, ಯಾಕಂದ್ರೆ 7 ಸಾಲಲ್ಲ. ಅಂದ್ರೆ ಎರಡು ಬಸ್ಸು, ಅದನ್ನ ಓಡಿಸೋ ಡ್ರೈವರುಗಳು, ಇಂಧನ, ಎಲ್ಲಾ ಖರ್ಚಾಗೋದು ಒಬ್ಬ ಪ್ರಯಾಣಿಕನಿಗೂ ಉಪಯೋಗ ಇಲ್ಲದ ಸುತ್ತಾಟಕ್ಕೆ. ಈ ಪೇಟೆಯೊಳಗಿನ ನಿಧಾನ ಊರಾಚೆ ಬಡಾವಣೆಯ ಕೊನೇ ಸ್ಟಾಪಲ್ಲಿ ಕಾಯೋರ ತಲೆ ಮೇಲೆ ಬೀಳುತ್ತೆ, ಅವರು ಸೆಂಟರಿಗೆ ಕಾಲಿಡದೇ ಇದ್ರೂ ಸಹ.

ಇನ್ನೊಂದು, ಒಟ್ಟೊಟ್ಟಿಗೆ ಬರೋ ಬಸ್ಸುಗಳು. 10 ನಿಮಿಷಕ್ಕೊಂದು ಬಸ್ ಸರಿಯಾಗಿ ಬಂದ್ರೆ ಟೈಮ್ ನೋಡದೆ ಸ್ಟಾಪಿಗೆ ಬಂದೋರು ಸರಾಸರಿ 5 ನಿಮಿಷ ಕಾಯ್ತಾರೆ. ಅದೇ ಬಸ್ಸುಗಳು 20 ನಿಮಿಷಕ್ಕೆ ಎರಡೆರಡು ಜೋಡಿಯಾಗಿ ಬಂದ್ರೆ ಕಾಯೋದು 10 ನಿಮಿಷ. ಗಂಟೆಗೆ 6 ಬಸ್ ಅನ್ನೋ ನಿಮ್ಮ ರಿಪೋರ್ಟು ಎರಡೂ ಕಡೆ ಒಂದೇ ಆಗಿರುತ್ತೆ. ಮೊದಲನೇ ಬಸ್ಸಿಗೆ ಎಲ್ಲಾರೂ ಹತ್ತಿ ಅದು ಇನ್ನೂ ಲೇಟಾಗುತ್ತೆ, ಹಿಂದಿನದು ಖಾಲಿ ಹೊಡೆದುಕೊಂಡು ಅದನ್ನ ಹಿಡಿಯುತ್ತೆ, ಡ್ರೈವರಿನ ತಪ್ಪು ಇದರಲ್ಲಿ ಏನೂ ಇಲ್ಲ. ಒಂದೇ ಮುಖ್ಯ ರಸ್ತೇಲಿ ಅರ್ಧ ಗಂಟೆಗೊಂದರಂತೆ ಆರು ರೂಟ್ ಓಡ್ತಿದ್ರೆ, ಟೈಮ್ ಟೇಬಲ್ ಹೊಂದಿಸಿದ್ರೆ ಆ ರಸ್ತೇಲಿ 5 ನಿಮಿಷಕ್ಕೊಂದು ಬಸ್ ಸಿಗಬಹುದು, ಹೊಂದಿಸದೆ ಬಿಟ್ರೆ ಆರೂ ಒಂದೇ ಸಲ ಬಂದು ಅರ್ಧ ಗಂಟೆ ರಸ್ತೆ ಖಾಲಿ ಖಾಲಿ.

ಇದೆಲ್ಲ ನಿಮಗೆ ಗೊತ್ತಿಲ್ಲದ್ದೇನಲ್ಲ. ನಾನು ಬರೀತಿರೋದು ಯಾಕಂದ್ರೆ ಇದನ್ನ ಜನರ ಮುಂದೆ ಇಡದೆ "ನಿಮಗೆ ಬಸ್ ಸೇವೆ ಹೇಗಿರಬೇಕು?" ಅಂತ ಒಂದು ಫಾರ್ಮ್ ಕೊಟ್ರೆ ಎಲ್ಲಾರೂ ಬರೆಯೋದು ಒಂದೇ, ಜಾಸ್ತಿ ಬಸ್ ಬೇಕು, ಮನೆ ಹತ್ರಾನೇ ಸ್ಟಾಪ್ ಬೇಕು, ಬಸ್ ಚೇಂಜ್ ಮಾಡೋ ಹಾಗಿರಬಾರದು, ಬೇಗ ತಲುಪಬೇಕು. ನಾನೂ ಅದನ್ನೇ ಬರೀತೀನಿ. ಇರೋ ಬಸ್ಸಲ್ಲಿ ಇದೆಲ್ಲ ಒಟ್ಟಿಗೆ ಆಗಲ್ಲ ಅನ್ನೋದು ಫಾರ್ಮಲ್ಲಿ ಇರಲ್ಲ, ಆಮೇಲೆ ಒಳಗೆ ಕೂತು ಯಾರೋ ಒಬ್ಬರು ಯಾವುದನ್ನ ಬಿಡೋದು ಅಂತ ತೀರ್ಮಾನ ಮಾಡ್ತಾರೆ, ನಮಗೆ ತಿಳಿಯೋದು ಬಸ್ ಬರದೇ ಹೋದಾಗ.

ನಿಜವಾದ ಪ್ರಶ್ನೆ ಕೇಳಿ. ಮನೆಯಿಂದ 3 ನಿಮಿಷ ನಡೆದು 30 ನಿಮಿಷಕ್ಕೊಂದು ಬಸ್ ಬೇಕಾ, 7 ನಿಮಿಷ ನಡೆದು 10 ನಿಮಿಷಕ್ಕೊಂದು ಬಸ್ ಬೇಕಾ? ಗಂಟೆಗೊಂದು ನೇರ ಬಸ್ಸಾ, ಒಂದ್ಸಲ ಇಳಿದು ಹತ್ತಿದ್ರೂ ಹೋದ ತಕ್ಷಣ ಸಿಗೋ ಎರಡು ಬಸ್ಸಾ? ಬಸ್ಸುಗಳನ್ನ ಜನ ಜಾಸ್ತಿ ಇರೋ ರಸ್ತೆಗಳಿಗೆ ಹಾಕೋದಾ, ಅಥವಾ ಹತ್ತೇ ಜನ ಹತ್ತಿದ್ರೂ ಬೇರೆ ದಾರಿ ಇಲ್ಲದ ಮೂಲೆಗಳಿಗೂ ಕಳಿಸೋದಾ? ಅಮೆರಿಕದ ಹ್ಯೂಸ್ಟನ್‌ನಲ್ಲಿ ಈ ಕೊನೇ ಪ್ರಶ್ನೇನ ಮುಚ್ಚಿಡದೆ ಎದುರಿಗೇ ಇಟ್ಟು ಮಾತಾಡಿದ್ರು, ಸೇವೆಯ ಸುಮಾರು 80 ಭಾಗ ಜನ ಹೆಚ್ಚು ಹತ್ತೋ ಕಡೆ, 20 ಭಾಗ ಜನ ಕಮ್ಮಿ ಇದ್ರೂ ಬಸ್ ಬೇಕೇ ಬೇಕಾದ ಕಡೆ ಅಂತ ಅಲ್ಲಿನ ಸಾರಿಗೆ ಸಂಸ್ಥೆಯ ಬೋರ್ಡ್ ಮೊದಲೇ ತೀರ್ಮಾನ ಮಾಡಿತು, ಆಮೇಲೆ ಗೆರೆ ಎಳೆದ್ರು, 2015ರ ಆಗಸ್ಟ್ 16ಕ್ಕೆ ಇಡೀ ಊರಿನ ಬಸ್ ಜಾಲ ಒಂದೇ ದಿನ ಬದಲಾಯ್ತು. ಅದಕ್ಕೆ ಮುಂಚೆ ಅಲ್ಲೂ ಹೆಚ್ಚಿನ ರೂಟುಗಳು ಪೇಟೆಗೇ ಹೋಗಿ ಸೇರ್ತಿದ್ದವು, ಹೊಸ ಜಾಲದಲ್ಲಿ ಅಡ್ಡ ಉದ್ದ ರಸ್ತೆಗಳ ಮೇಲೆ ಚೌಕುಳಿ ಥರ, ವಾರದ ಏಳೂ ದಿನ 15 ನಿಮಿಷಕ್ಕೊಂದು ಬಸ್ ಸಿಗೋ ರೂಟುಗಳನ್ನ ಹಾಕಿದ್ರು. 80–20 ಸರೀನಾ ಅನ್ನೋದು ಬೇರೆ ಮಾತು, ನಮ್ಮೂರಿಗೆ 70–30 ಬೇಕಾಗಬಹುದು, 60–40 ಬೇಕಾಗಬಹುದು. ಆ ಸಂಖ್ಯೆಯನ್ನ ಎಲ್ಲರ ಎದುರಿಗೆ ಹೇಳಿ ಅನ್ನೋದಷ್ಟೇ ನನ್ನ ಕೋರಿಕೆ. ಅದನ್ನ ಹೇಳಿಬಿಟ್ರೆ ಯಾವ ರೂಟ್ ಯಾಕೆ ಹೋಯ್ತು ಅಂತ ಕೇಳೋರಿಗೆ ಉತ್ತರ ಇರುತ್ತೆ.

ನನ್ನ ವಿಷಯ ಹೇಳ್ತೀನಿ. ನನಗೆ ಈಗ ಮನೆ ಹತ್ರದಿಂದ ಆಫೀಸಿನವರೆಗೆ ನೇರ ಬಸ್ ಇದೆ, 40 ನಿಮಿಷಕ್ಕೊಂದು. ಹೊಸ ಪ್ಲಾನಲ್ಲಿ ಅದು ಹೋದ್ರೂ ನಾನು ಜಗಳ ಆಡಲ್ಲ, ನಿಜವಾಗ್ಲೂ. ಆದ್ರೆ ಇಳಿದು ಹತ್ತೋ ಜಾಗ ಒಂದೇ ಕಡೆ ಇರಬೇಕು, ಮೇಲೆ ಸೂರಿರಬೇಕು, ರಾತ್ರಿ ಬೆಳಕಿರಬೇಕು, ಎರಡನೇ ಬಸ್ಸಿಗೆ ಮತ್ತೆ ಪೂರ್ತಿ ಟಿಕೆಟ್ ತಗೊಳ್ಳೋ ಹಾಗಿರಬಾರದು, ಮತ್ತೆ ಎರಡನೇ ಬಸ್ ಬೇಗ ಬರಬೇಕು. ಇವು ನಾಲ್ಕೈದೂ ಇಲ್ಲದೆ ಬರೀ ಮ್ಯಾಪ್ ಮೇಲೆ ರೂಟ್ ಕತ್ತರಿಸಿ "ಚೇಂಜ್ ಮಾಡ್ಕೊಳ್ಳಿ" ಅಂದ್ರೆ ಕೈಯಲ್ಲಿ ಮಗು, ಬ್ಯಾಗು ಹಿಡ್ಕೊಂಡು ಮಳೆಯಲ್ಲಿ ನಿಂತಿರೋರು ನಿಮ್ಮ ಪ್ಲಾನನ್ನ ಹೇಗೆ ಒಪ್ತಾರೆ?

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 2004ರ ಜುಲೈ 1ಕ್ಕೆ ಎಲ್ಲಾನೂ ಒಂದೇ ದಿನ ಬದಲಾಯಿಸಿದ್ರು. ಊರಿನ ಉದ್ದಕ್ಕೂ ಓಡೋ ಮುಖ್ಯ ಬಸ್ಸು ನೀಲಿ, ಬಡಾವಣೆಯಿಂದ ಮೆಟ್ರೋ ಸ್ಟೇಷನ್ನಿಗೆ ಕರ್ಕೊಂಡು ಹೋಗೋದು ಹಸಿರು, ಹೊರಗಿನ ಊರುಗಳಿಂದ ಬರೋದು ಕೆಂಪು, ಪೇಟೆಯೊಳಗೇ ಸುತ್ತೋದು ಹಳದಿ, ಜೊತೆಗೆ ಹೊಸ ಕಾರ್ಡು, ದೂರದ ಲೆಕ್ಕದಲ್ಲಿ ಒಂದೇ ಟಿಕೆಟ್, ಬಸ್ಸಿಂದ ಬಸ್ಸಿಗೆ ಬಸ್ಸಿಂದ ಮೆಟ್ರೋಗೆ ಹೋದ್ರೂ ಮತ್ತೆ ಮೊದಲಿಂದ ದುಡ್ಡು ಕೊಡೋ ಹಾಗಿಲ್ಲ. ಯೋಚನೆ ತುಂಬಾ ಚೆನ್ನಾಗಿತ್ತು, ಈಗಲೂ ಪ್ರಪಂಚದ ಬೇರೆ ಊರಿನೋರು ಅದನ್ನ ನೋಡೋಕೆ ಹೋಗ್ತಾರೆ. ಆದ್ರೆ ಮೊದಲ ದಿನಗಳಲ್ಲಿ ಕಾರ್ಡ್ ಮೆಷಿನ್ ಕೈಕೊಟ್ಟು, ಯಾವ ನಂಬರ್ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗದೆ ಜನ ಒದ್ದಾಡಿಬಿಟ್ರು, ಮೇಯರ್ ಕ್ಷಮೆ ಕೇಳಬೇಕಾಯ್ತು. ಸ್ಪೇನಿನ ಬಾರ್ಸಿಲೋನಾದವರು ಅವಸರ ಮಾಡ್ಲಿಲ್ಲ, 2012ರ ಅಕ್ಟೋಬರಲ್ಲಿ ಐದು ರೂಟಿಂದ ಶುರು ಮಾಡಿ ಹಂತ ಹಂತವಾಗಿ ಹೋಗಿ 2018ರ ನವೆಂಬರಿಗೆ 28 ರೂಟಿನ ಜಾಲ ಮುಗಿಸಿದ್ರು, ಸಮುದ್ರಕ್ಕೆ ಸಮಾನಾಂತರವಾಗಿ ಓಡೋವಕ್ಕೆ ಒಂದು ಅಕ್ಷರ, ಬೆಟ್ಟದಿಂದ ಸಮುದ್ರದ ಕಡೆಗೆ ಹೋಗೋವಕ್ಕೆ ಒಂದು ಅಕ್ಷರ, ಓರೆಯಾಗಿ ಹೋಗೋವಕ್ಕೆ ಇನ್ನೊಂದು. ನಂಬರ್ ನೋಡಿದ್ರೇ ಬಸ್ ಯಾವ ದಿಕ್ಕಿಗೆ ಅಂತ ತಿಳಿಯುತ್ತೆ. ನಮ್ಮ ರೂಟ್ ನಂಬರುಗಳು ಯಾವ ಲೆಕ್ಕದಲ್ಲಿ ಬಂದಿವೆ ಅಂತ ಇಷ್ಟು ವರ್ಷ ಓಡಾಡಿದ ನನಗೇ ಗೊತ್ತಿಲ್ಲ.

ಜನರನ್ನ ಕೇಳೋ ವಿಷಯಕ್ಕೆ ಬಂದ್ರೆ ಐರ್ಲೆಂಡಿನ ಡಬ್ಲಿನ್ ನೋಡಿ ಅಂತೀನಿ. 2018ರ ಜುಲೈಯಲ್ಲಿ ಮೊದಲ ಕರಡು ಮ್ಯಾಪ್ ಹೊರಗೆ ಬಿಟ್ಟಾಗ ಜನ ಸಿಟ್ಟಾದ್ರು, ಪೇಟೆಗೆ ಹೋಗೋ ನೇರ ಬಸ್ ಇಲ್ದೇ ಹೋಗುತ್ತೆ, ವಯಸ್ಸಾದೋರು ಏನ್ ಮಾಡಬೇಕು ಅಂತ ಸಭೆಗಳು ತುಂಬಿಹೋದ್ವು, ಸಾವಿರಾರು ಜನ ಬರೆದು ಕಳಿಸಿದ್ರು. ಅಲ್ಲಿನ ಸಾರಿಗೆ ಅಧಿಕಾರಿಗಳು ಅದನ್ನೆಲ್ಲ ಓದಿ ಮ್ಯಾಪನ್ನ ತಿದ್ದಿ 2019ರ ಅಕ್ಟೋಬರಲ್ಲಿ ಮತ್ತೆ ಜನರ ಮುಂದೆ ಇಟ್ರು, ಇನ್ನೊಂದ್ಸಲ ಕೇಳಿದ್ರು, 2020ರ ಸೆಪ್ಟೆಂಬರಲ್ಲಿ ಕೊನೇ ಮ್ಯಾಪ್ ಬಂತು, ಮೊದಲ ಹಂತದ ಬಸ್ಸುಗಳು ರಸ್ತೆಗಿಳಿದಿದ್ದು 2021ರ ಜೂನಲ್ಲಿ. ಮೂರು ವರ್ಷ ಆಯ್ತಲ್ಲ ಅಂತ ಅನ್ನಿಸಬಹುದು. ನನಗಂತೂ ಎರಡನೇ ಸಲ ಕೇಳಿದ್ದೇ ದೊಡ್ಡದು ಅನ್ಸುತ್ತೆ, ಯಾಕಂದ್ರೆ ಮೊದಲನೇ ಸಲ ಹೇಳಿದ್ದಕ್ಕೆ ಏನಾದ್ರೂ ಬದಲಾಯ್ತಾ ಅಂತ ಜನ ಹೋಲಿಸಿ ನೋಡೋಕೆ ಆಗೋದು ಅವಾಗಲೇ. ನೀವೂ ಹಾಗೇ ಮಾಡಿ, ಇಷ್ಟು ದೂರು ಬಂತು, ಇದನ್ನ ಒಪ್ಪಿ ಇಲ್ಲಿ ತಿದ್ದಿದೀವಿ, ಇದನ್ನ ಈ ಕಾರಣಕ್ಕೆ ಒಪ್ಪಿಲ್ಲ ಅಂತ ರಸ್ತೆ ಹೆಸರು ಸಮೇತ ಬರೆದು ಹಾಕಿ. ಒಪ್ಪಿಲ್ಲ ಅಂದ್ರೂ ಬೇಜಾರಿಲ್ಲ, ಕಾರಣ ಹೇಳಿದ್ರೆ ಓದ್ತೀವಿ.

ಯಾರನ್ನ ಕೇಳಬೇಕು ಅನ್ನೋದೂ ಮುಖ್ಯ. ಸಭೆಗೆ ಬರೋರು, ಆನ್‌ಲೈನ್ ಸರ್ವೆ ತುಂಬೋರು, ಈ ಥರ ಪತ್ರ ಬರೆಯೋ ನಾನೂ ಸೇರಿ, ಇವರೆಲ್ಲ ಸ್ವಲ್ಪ ಪುರುಸೊತ್ತು, ಸ್ವಲ್ಪ ಧೈರ್ಯ ಇರೋರು. ಬೆಳಗಿನ ಜಾವ ನಾಲ್ಕೂವರೆಗೆ ಮೊದಲನೇ ಬಸ್ಸಲ್ಲಿ ಆಫೀಸುಗಳ ಕಸ ಗುಡಿಸೋಕೆ ಹೋಗೋ ಹೆಂಗಸರು ನಿಮ್ಮ ಸಭೆಗೆ ಬರಲ್ಲ, ರಾತ್ರಿ ಪಾಳಿ ಮುಗಿಸೋ ನರ್ಸುಗಳು, ಸೆಕ್ಯುರಿಟಿಯವರು ಬರಲ್ಲ, ಈ ಊರಿನ ಭಾಷೆ ಬರದ ಕೂಲಿ ಜನ ಬರಲ್ಲ, ಶಾಲೆ ಮಕ್ಕಳನ್ನಂತೂ ಯಾರೂ ಕೇಳೋದೇ ಇಲ್ಲ, ಆದ್ರೆ ಬಸ್ಸಿನ ಅರ್ಧ ಸೀಟು ಬೆಳಿಗ್ಗೆ ಅವರದ್ದೇ. ಅವರು ಇರೋ ಕಡೆಗೆ ನೀವೇ ಹೋಗಿ. ಆ ಮೊದಲನೇ ಬಸ್ಸಲ್ಲಿ ಮ್ಯಾಪ್ ಹಿಡ್ಕೊಂಡು ಒಬ್ಬರು ಕೂತ್ಕೊಳ್ಳಿ, ದೊಡ್ಡ ಸ್ಟಾಪುಗಳಲ್ಲಿ ಒಂದು ಟೇಬಲ್ ಹಾಕಿ, ಎಲ್ಲಿಂದ ಎಲ್ಲಿಗೆ ಹೋಗ್ತೀರಿ ಅಂತ ಬಾಯಲ್ಲೇ ಕೇಳಿ ಬರ್ಕೊಳ್ಳಿ.

ಕಾರ್ಡ್ ಡೇಟಾ ಇದೆಯಲ್ಲ ಅಂತೀರೇನೋ. ಆ ಡೇಟಾದಲ್ಲಿ ಹತ್ತಿದವರು ಮಾತ್ರ ಇರ್ತಾರೆ. ಹತ್ತೋವಾಗ ಮಾತ್ರ ಕಾರ್ಡ್ ತೋರಿಸೋ ವ್ಯವಸ್ಥೆ ಆದ್ರೆ ಎಲ್ಲಿ ಇಳಿದ್ರು ಅನ್ನೋದೂ ಅಂದಾಜೇ. ಮೂರು ಬಸ್ ತುಂಬಿ ಹೋದ್ಮೇಲೆ ಬೇಸತ್ತು ನಡೆದು ಹೋದವರು, ಸಂಜೆ ಏಳರ ಮೇಲೆ ವಾಪಸ್ ಬಸ್ ಇಲ್ಲ ಅಂತ ಕೆಲಸವನ್ನೇ ಬಿಟ್ಟವರು, ಮೆಟ್ಟಿಲು ಎತ್ತರ ಅಂತ ಬಸ್ಸಿನ ಆಸೆನೇ ಬಿಟ್ಟ ನಮ್ಮಮ್ಮನಂಥವರು ಯಾವ ಮೆಷಿನ್ನಲ್ಲೂ ದಾಖಲಾಗಲ್ಲ. "ಈ ರೂಟಲ್ಲಿ ಜನಾನೇ ಇಲ್ಲ" ಅಂತ ಒಂದು ರೂಟ್ ತೆಗೆಯೋ ಮೊದಲು ಆ ರೂಟಲ್ಲಿ ಬಸ್ ಎಷ್ಟು ಹೊತ್ತಿಗೊಂದು ಬರ್ತಿತ್ತು ಅಂತಾನೂ ನೋಡಿ.

ಡ್ರೈವರುಗಳನ್ನ ದಯವಿಟ್ಟು ಕೇಳಿ. ಯಾವ ತಿರುವಲ್ಲಿ ಬಸ್ ಒಂದೇ ಸಲಕ್ಕೆ ತಿರುಗಲ್ಲ, ಯಾವ ರಸ್ತೇಲಿ ಪಾರ್ಕಿಂಗ್ ಗಾಡಿ ಅರ್ಧ ಲೇನ್ ತಿಂದಿರುತ್ತೆ, ಎಲ್ಲಿ ಐದು ನಿಮಿಷ ನಿಂತು ಉಸಿರು ಬಿಡೋಕೆ ಜಾಗ ಇಲ್ಲ, ಮ್ಯಾಪಲ್ಲಿ ಇವ್ಯಾವೂ ಕಾಣಲ್ಲ. ಮತ್ತೆ ರೂಟಿನ ಕೊನೇಲಿ ಅವರಿಗೊಂದು ಟಾಯ್ಲೆಟ್ ಬೇಕು, ಇದು ಸಣ್ಣ ವಿಷಯ ಅಂತ ಕೊನೇ ಪುಟಕ್ಕೆ ತಳ್ಳಬೇಡಿ, ಹೆಂಗಸರು ಡ್ರೈವರ್ ಕೆಲಸಕ್ಕೆ ಬರಬೇಕು ಅಂದ್ರೆ ಮೊದಲು ಇದು ಆಗಬೇಕು. ಎರಡು ದಿಕ್ಕಿನ ರೂಟುಗಳನ್ನ ಸೆಂಟರಲ್ಲಿ ನಿಲ್ಲಿಸದೆ ಒಂದಕ್ಕೊಂದು ಜೋಡಿಸಿ ಆಚೆ ತುದಿಯವರೆಗೆ ಓಡಿಸಿದ್ರೆ ಪೇಟೆಯಲ್ಲಿ ಬಸ್ ನಿಲ್ಲಿಸೋ ಜಾಗ ಉಳಿಯುತ್ತೆ, ಜನಾನೂ ಇಳಿದು ಹತ್ತೋದು ತಪ್ಪುತ್ತೆ. ಆದ್ರೆ ಒಂದು ಕಡೆಯ ಟ್ರಾಫಿಕ್ ಇನ್ನೊಂದು ಕಡೆಯ ಟೈಮನ್ನೂ ಕೆಡಿಸುತ್ತೆ, ಯಾವ ರೂಟಿಗೆ ಯಾವುದನ್ನ ಜೋಡಿಸಿದ್ರೆ ಸರಿ ಹೋಗುತ್ತೆ ಅಂತ ಇಪ್ಪತ್ತು ವರ್ಷ ಅದೇ ರಸ್ತೇಲಿ ಓಡಿಸಿದವರಿಗಿಂತ ಚೆನ್ನಾಗಿ ಯಾರು ಹೇಳ್ತಾರೆ?

ಸ್ಟಾಪುಗಳನ್ನ ದೂರ ದೂರ ಮಾಡಿದ್ರೆ ಬಸ್ ಬೇಗ ಹೋಗುತ್ತೆ ಅನ್ನೋದು ನಿಜ, ಒಪ್ತೀನಿ. ಆದ್ರೆ 400 ಮೀಟರ್ ಅಂದ್ರೆ 5 ನಿಮಿಷದ ನಡಿಗೆ ಅನ್ನೋದು ಕಾಲು ಗಟ್ಟಿ ಇರೋರ ಲೆಕ್ಕ. ಮ್ಯಾಪ್ ಮೇಲೆ ಸ್ಟಾಪ್ ಸುತ್ತ ಒಂದು ವೃತ್ತ ಎಳೆದು ಇವರೆಲ್ಲ ಬಸ್ಸಿಗೆ ಹತ್ರ ಇದ್ದಾರೆ ಅಂತ ಎಣಿಸಬೇಡಿ, ಮಧ್ಯೆ ರೈಲ್ವೆ ಹಳಿ ಇರುತ್ತೆ, ಕಾಂಪೌಂಡ್ ಇರುತ್ತೆ, ದಾಟೋಕೆ ಆಗದ ದೊಡ್ಡ ರಸ್ತೆ ಇರುತ್ತೆ. ಒಂದು ದಿನ ಊರುಗೋಲು ಹಿಡಿದವರ ಜೊತೆ, ಕಣ್ಣು ಕಾಣದವರ ಜೊತೆ ಆ ದಾರೀಲಿ ನಡೆದು ನೋಡಿ, ಆಮೇಲೆ ಯಾವ ಸ್ಟಾಪ್ ತೆಗೆಯೋದು ಅಂತ ಬರೀರಿ.

ಬಸ್ ಲೇನ್ ಬಗ್ಗೆ ಅಂಗಡಿಯವರು ವಿರೋಧ ಮಾಡ್ತಾರೆ ಅನ್ನೋದು ಗೊತ್ತು, ಅವರ ಭಯಾನೂ ಸುಳ್ಳಲ್ಲ, ಸಾಮಾನು ಇಳಿಸೋಕೆ ಜಾಗ ಬೇಕು. ಅವರನ್ನೂ ಕೂರಿಸಿ ಸಾಮಾನು ಇಳಿಸೋ ಹೊತ್ತು ಗೊತ್ತು ಮಾಡಿ. ಆದ್ರೆ ಲೇನ್ ಇಲ್ಲದೆ, ಸಿಗ್ನಲಲ್ಲಿ ಬಸ್ಸಿಗೆ ಮೊದಲು ಬಿಡೋ ವ್ಯವಸ್ಥೆ ಇಲ್ಲದೆ, ಎಷ್ಟೇ ಒಳ್ಳೇ ರೂಟ್ ಬರೆದ್ರೂ ಅದು ಅದೇ ಟ್ರಾಫಿಕ್ಕಲ್ಲೇ ನಿಂತಿರುತ್ತೆ, ಮೇಲೆ ಹೇಳಿದ 72 ನಿಮಿಷದ ಲೆಕ್ಕ ಹಾಗೇ ಉಳಿಯುತ್ತೆ.

ಕರಡು ಮ್ಯಾಪ್ ಬಿಟ್ಟಾಗ ಬರೀ ಬಣ್ಣದ ಗೆರೆಯ ಚಿತ್ರ ಬಿಡಬೇಡಿ. ಮೊಬೈಲ್ ಮ್ಯಾಪುಗಳು ಬಸ್ ಟೈಮ್ ಓದೋ ಜಿಟಿಎಫ್‌ಎಸ್ ಫೈಲ್ ಅಂತ ಇರುತ್ತಲ್ಲ, ಹೊಸ ರೂಟುಗಳನ್ನೂ ಅದೇ ರೂಪದಲ್ಲಿ ಕೊಡಿ, ಜನ ತಮ್ಮ ಮನೆ ಮತ್ತು ಹೋಗೋ ಜಾಗ ಹಾಕಿ ಈಗ ಎಷ್ಟು ಹೊತ್ತಾಗ್ತಿದೆ, ಮುಂದೆ ಎಷ್ಟಾಗುತ್ತೆ ಅಂತ ತಾವೇ ನೋಡ್ಕೋಬೇಕು, ನಡೆಯೋದು, ಕಾಯೋದು, ಕೂರೋದು ಬೇರೆ ಬೇರೆಯಾಗಿ. ಮೊಬೈಲ್ ಇಲ್ಲದೋರಿಗೆ ಪ್ರತಿ ಸ್ಟಾಪಲ್ಲೂ ಆ ಸ್ಟಾಪಿಗೆ ಏನಾಗುತ್ತೆ ಅನ್ನೋದನ್ನ ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ, ಕನಿಷ್ಠ ಎರಡು ತಿಂಗಳು ಮೊದಲು. ಹೊಸ ರೂಟ್ ಶುರುವಾದ ವಾರ ನಿಮ್ಮ ಜನ ಹಳೇ ಸ್ಟಾಪುಗಳಲ್ಲಿ ನಿಂತಿರಲಿ, ಹೊಸ ಸ್ಟಾಪಿಗಿಂತ ಹಳೇದರಲ್ಲೇ ಜನ ಜಾಸ್ತಿ ಸಿಗ್ತಾರೆ. ಆರು ತಿಂಗಳಾದ್ಮೇಲೆ ಮತ್ತೆ ಕೂತು ಯಾವುದು ಆಯ್ತು ಯಾವುದು ಆಗ್ಲಿಲ್ಲ ಅಂತ ಹೇಳಿ, ತಿದ್ದೋಕೆ ಒಂದಷ್ಟು ಬಸ್ಸು, ಒಂದಷ್ಟು ದುಡ್ಡು ಮೊದಲೇ ಎತ್ತಿಟ್ಟಿರಿ.

ನಮ್ಮಮ್ಮ ಈಗಲೂ ಅದೇ ಹಳೇ ಸ್ಟಾಪ್ ಹತ್ರಾನೇ ಇರೋದು. ಹೊಸ ಮ್ಯಾಪ್ ಬಂದಾಗ ನನಗಿಂತ ಮೊದಲು ಅವರು ನೋಡ್ಬೇಕು ಅಂತ ಕಾಯ್ತಿದ್ದಾರೆ. ಸಭೆಗೂ ಬರ್ತೀನಿ ಅಂದಿದ್ದಾರೆ, ಅದಕ್ಕೇ ಒಂದು ಮನವಿ: ಸಂಜೆ ಆರೂವರೆ ಮೇಲೆ ಇಡಿ, ಮೆಟ್ಟಿಲಿಲ್ಲದ ಜಾಗದಲ್ಲಿ ಇಡಿ, ಮತ್ತೆ ನಾವೆಲ್ಲ ಮನೆಗೆ ಹೋಗೋಕೆ ಕೊನೇ ಬಸ್ ಇರೋ ಹೊತ್ತಿಗೆ ಮುಗಿಸಿ.

ಇಂತಿ,
ದಿನಾ ನಿಮ್ಮ ಬಸ್ಸಲ್ಲಿ ಬರೋ ಒಬ್ಬಳು ಪ್ರಯಾಣಿಕಳು